‘ಆಕಾಶ’ ಶಬ್ದದ ಅರ್ಥವ್ಯಾಪ್ತಿ

ಮಕ್ಕಳು ಎಳವೆಯಲ್ಲಿಯೇ ಕಲಿಯುವ ಶಬ್ದಗಳಲ್ಲಿ ‘ಆಕಾಶ’ವೂ ಒಂದು. ತಲೆಯ ಮೇಲೆ ಕವಿದಿರುವ ನೀಲಿಯ ಚಪ್ಪರವೇ ಅದರ ಅರ್ಥವೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಈ ತಿಳಿವಳಿಕೆ ತಪ್ಪಲ್ಲವಾದರೂ ಅಪೂರ್ಣವಾದುದು. ಅಷ್ಟಕ್ಕೇ ನಿಂತ ವಿದ್ಯಾರ್ಥಿಗೆ ಪಂಚಭೂತಗಳಲ್ಲಿ ಆಕಾಶವೂ ಸೇರಿದೆಯೆಂಬ ಮಾತು ಮುಂದೆ ಒಗಟಾಗಿಯೇ ಉಳಿಯುತ್ತದೆ.

ಇದು ಸಂಸ್ಕೃತದಿಂದ ಬಂದ ತತ್ಸಮ ಶಬ್ದ. ಬೆಳಗು, ತೋರು ಎಂಬ ಅರ್ಥದ ‘ಕಾಶ್’ ಧಾತು ಇದರ ಮೂಲ. ಪ್ರಕಾಶ, ಅವಕಾಶ ಎಂಬ ಶಬ್ದಗಳೂ ಅದೇ ಧಾತುವಿನಿಂದ ಹುಟ್ಟಿದವು. ಕಕಾರ ಗಕಾರವಾಗಿ, ಶಕಾರ ಸಕಾರವಾಗಿ ‘ಆಗಸ’ವೆಂಬ ತದ್ಭವವೂ ಬಳಕೆಗೆ ಬಂದಿತು. ಬಾನು, ಮುಗಿಲು ಎಂಬ ದೇಶ್ಯ ಶಬ್ದಗಳೂ ಉಂಟು. ಆದರೆ ಮುಗಿಲೆಂದರೆ ಮೋಡವೂ ಹೌದು.

ಶಾಸ್ತ್ರಗಳಲ್ಲಿ ಆಕಾಶವು ಕೇವಲ ಮೇಲಿನದಲ್ಲ. ನ್ಯಾಯ-ವೈಶೇಷಿಕರು ಶಬ್ದಗುಣವುಳ್ಳ ದ್ರವ್ಯವನ್ನು ಆಕಾಶವೆಂದು ಕರೆದರು. ಉಳಿದ ದ್ರವ್ಯಗಳಿಗೆ ಎಡೆಗೊಡುವುದೇ ಅದರ ಲಕ್ಷಣವೆಂದು ಜೈನರು ಹೇಳಿದರು. ವೇದಾಂತಿಗಳು ಗಡಿಗೆಯೊಳಗಿನ ತೆರವನ್ನು ಘಟಾಕಾಶವೆಂದೂ ಮನೆಯೊಳಗಿನ ತೆರವನ್ನು ಮಠಾಕಾಶವೆಂದೂ ಹೆಸರಿಸಿ, ಗಡಿಗೆ ಒಡೆದರೂ ಆಕಾಶ ಒಡೆಯದೆಂದು ದೃಷ್ಟಾಂತವಿತ್ತರು. ಹನ್ನೆರಡನೆಯ ಶತಮಾನದ ಶರಣರು ಇಂಥ ತೆರವಿಗೆ ‘ಬಯಲು’ ಎಂಬ ನೆಲದ ಮಾತನ್ನೇ ಆರಿಸಿಕೊಂಡು, ಅದನ್ನು ಪರತತ್ತ್ವದವರೆಗೆ ಏರಿಸಿದರು.

ಜನರ ಮಾತಿನಲ್ಲಿ ಈ ಶಬ್ದದ ಬಳಕೆ ಬಹುವಿಧ. ಆಗದ ಕೆಲಸಕ್ಕೆ ಕೈಹಾಕುವವನು ಆಕಾಶಕ್ಕೆ ಏಣಿ ಹಾಕುತ್ತಾನೆ. ಗಾಬರಿಗೊಂಡವನಿಗೆ ಆಕಾಶವೇ ಕಳಚಿ ಬೀಳುತ್ತದೆ. ದೀಪಾವಳಿಗೆ ಮನೆಯ ಮುಂದೆ ಆಕಾಶಬುಟ್ಟಿ ತೂಗುತ್ತದೆ. ಪುರಾಣಗಳಲ್ಲಿ ಅಶರೀರವಾಣಿಗೆ ಸಲ್ಲುತ್ತಿದ್ದ ‘ಆಕಾಶವಾಣಿ’ ಎಂಬ ಹೆಸರನ್ನು 1935ರಲ್ಲಿ ಮೈಸೂರಿನಲ್ಲಿ ಪ್ರೊ. ಎಂ. ವಿ. ಗೋಪಾಲಸ್ವಾಮಿಯವರು ಆರಂಭಿಸಿದ ಬಾನುಲಿ ಕೇಂದ್ರ ಧರಿಸಿತು. ಮುಂದೆ ಅದು ದೇಶದ ಬಾನುಲಿಯ ಹೆಸರೇ ಆಯಿತು. ಭೂಮಿಯ ವಾಯುಮಂಡಲದಾಚೆಯ ವಿಸ್ತಾರಕ್ಕೆ ‘ಬಾಹ್ಯಾಕಾಶ’ವೆಂಬ ಶಬ್ದ ನೆಲೆಗೊಂಡಿದೆ. 2023ರ ಆಗಸ್ಟ್ 23ರಂದು ಚಂದ್ರಯಾನ-3ರ ನೌಕೆ ಚಂದ್ರನ ಮೇಲಿಳಿದಾಗ ಆ ಶಬ್ದ ಹಳ್ಳಿಯ ಮಕ್ಕಳ ಬಾಯಲ್ಲಿಯೂ ನಲಿಯಿತು.

ಈ ಅರ್ಥಗಳಲ್ಲಿ ಹಲವನ್ನು ಬೆಸೆಯುವ ಸೂತ್ರ ಒಂದೇ: ಎಡೆಗೊಡುವಿಕೆ. ಆದುದರಿಂದ ಉಪಾಧ್ಯಾಯರು ಈ ಪಾಠವನ್ನು ಕಿಟಕಿಯಾಚೆಯ ನೀಲಿಯಿಂದಲ್ಲದೆ ಒಂದು ಬರಿಗಡಿಗೆಯಿಂದ ಆರಂಭಿಸುವುದು ಲೇಸು. ಅದರಲ್ಲಿ ನೀರಿಗೆ ಎಡೆ ದೊರೆತುದು ಹೇಗೆಂದು ಕೇಳಿದರೆ, ಮಗುವು ಆಕಾಶವನ್ನು ತನ್ನ ಕೈಯಳತೆಯಲ್ಲಿಯೇ ಕಾಣುವುದು. ಶಾಲೆಯ ಗೋಡೆಗಳು ಸಾರ್ಥಕವಾಗುವುದೂ ತಮ್ಮೊಳಗಿನ ಆಕಾಶವು ಕಲಿಯುವವರಿಗೆ ಅವಕಾಶವಾದಾಗಲೇ.