ದಾರ ಕಟ್ಟಿ ಕಳಿಸಿದ್ದಾರೆ, ಆಪರೇಷನ್ ಫೇಲಾಯಿತೇ?

ಪ್ರಶ್ನೆ: ನಾನು ಟೈಲರ್, 41 ವರ್ಷ. ಗುದದ ಪಕ್ಕ ಎದ್ದ ಕುರು ಒಡೆದ ಮೇಲೂ ಕೀವು ನಿಲ್ಲಲಿಲ್ಲ. ಫಿಸ್ಟುಲಾ ಎಂದು ಆಪರೇಷನ್ ಮಾಡಿ, ದಾರವೊಂದನ್ನು ಕಟ್ಟಿ ಮನೆಗೆ ಕಳಿಸಿದ್ದಾರೆ. ಮೂರು ವಾರವಾದರೂ ಒಸರುತ್ತಲೇ ಇದೆ. ಲೇಸರ್ ಮಾಡಿಸಿದ್ದರೆ ಒಂದೇ ದಿನದಲ್ಲಿ ಮುಗಿಯುತ್ತಿತ್ತು ಎನ್ನುತ್ತಾರೆ ಭಾವ. ಮಲದ ಹಿಡಿತ ತಪ್ಪೀತೆಂಬ ಭಯ ಬೇರೆ.
- ಹೆಸರು ಬೇಡ, ಹಾಸನ

ಉತ್ತರ: ಒಸರಲಿ ಎಂದೇ ಆ ದಾರ ಹಾಕಿರುವುದು. ಅದಕ್ಕೆ ಸೀಟನ್ ಎನ್ನುತ್ತಾರೆ. ಗುದದೊಳಗಿನ ಪುಟ್ಟ ಗ್ರಂಥಿಯಲ್ಲಿ ಹುಟ್ಟಿದ ಸೋಂಕು ಚರ್ಮದವರೆಗೆ ಸುರಂಗ ಕೊರೆದಿದೆ. ಅದರ ಹೊರಬಾಯಿ ಮುಚ್ಚಿ ಕೀವು ಒಳಗೇ ಉಳಿದರೆ ಮತ್ತೆ ಕುರು ಏಳುತ್ತದೆ. ಬಾಯಿ ಮುಚ್ಚದಂತೆ ದಾರ ಕಾಯುತ್ತಿದೆ.

ಸುರಂಗವು ಮಲ ತಡೆದಿಡುವ ಸ್ನಾಯುವನ್ನು ಎಷ್ಟು ದಾಟಿದೆ ಎಂಬುದರ ಮೇಲೆ ಚಿಕಿತ್ಸೆ ನಿಂತಿದೆ. ಸ್ವಲ್ಪವೇ ಆದರೆ ಸುರಂಗವನ್ನು ಉದ್ದಕ್ಕೂ ಸೀಳಿ, ಹೊಲಿಗೆ ಹಾಕದೆ, ತಳದಿಂದ ಮಾಯಲು ಬಿಡುತ್ತಾರೆ. ಹೆಚ್ಚು ದಾಟಿದ್ದರೆ ಹಾಗೆ ಸೀಳಿದಾಗ ಹಿಡಿತ ತಪ್ಪುವ ಅಪಾಯವಿದೆ. ನಿಮ್ಮ ಭಯ ವೈದ್ಯರಿಗೂ ಇದ್ದಿರಬೇಕು, ಅದಕ್ಕೇ ದಾರ. ಕೀವು ತಗ್ಗಿದ ಮೇಲೆ ಮುಂದಿನ ಹಂತ: ಸ್ನಾಯುಗಳ ನಡುವೆಯೇ ಸುರಂಗವನ್ನು ಕಟ್ಟಿ ಕತ್ತರಿಸುವ ಲಿಫ್ಟ್ ವಿಧಾನ, ಅಥವಾ ಲೇಸರ್. ಲೇಸರ್ ಸ್ನಾಯುವನ್ನು ಉಳಿಸುತ್ತದೆ, ನಿಜ. ಆದರೆ ಫಿಸ್ಟುಲಾ ಮರುಕಳಿಸುವುದು ಅದರಲ್ಲಿ ಅಪರೂಪವೇನಲ್ಲ. ಭಾವನಿಗೆ ಇದನ್ನೂ ಹೇಳಿ.

ಕ್ಷಾರಸೂತ್ರವೂ ಉಂಟು. ಕಳ್ಳಿಹಾಲು, ಉತ್ತರಾಣಿ ಕ್ಷಾರ, ಅರಿಶಿನ ಲೇಪಿಸಿದ ಈ ದಾರವನ್ನು ವಾರಕ್ಕೊಮ್ಮೆ ಬದಲಿಸುತ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ರೋಗ ಮರಳಿದ್ದು ಕ್ಷಾರಸೂತ್ರದಲ್ಲಿ ಶೇ. 4, ಶಸ್ತ್ರಚಿಕಿತ್ಸೆಯಲ್ಲಿ ಶೇ. 11; ಮಾಯಲು ಮಾತ್ರ ಕ್ಷಾರಸೂತ್ರದಲ್ಲಿ ಎರಡು ಪಟ್ಟು ಸಮಯ ಹಿಡಿಯಿತು. ಆದರೆ ಅದು ಸೀಟನ್‌ನಂತೆ ಸುಮ್ಮನಿರುವ ದಾರವಲ್ಲ, ನಿಧಾನವಾಗಿ ಕೊಯ್ಯುತ್ತದೆ. ತರಬೇತಾದ ಕೈಯೇ ಬೇಕು.

ಮಲವಿಸರ್ಜನೆಯ ನಂತರ ಉಗುರುಬೆಚ್ಚಗಿನ ನೀರಿನ ಟಬ್ಬಿನಲ್ಲಿ ಹತ್ತು ನಿಮಿಷ ಕುಳಿತುಕೊಳ್ಳಿ. ಇಸಬಗೋಲು, ಸೊಪ್ಪು, ಸಾಕಷ್ಟು ನೀರು ಇರಲಿ, ಮುಕ್ಕರಿಯಬೇಡಿ. ಒಸರುವುದಕ್ಕೆ ಸ್ಯಾನಿಟರಿ ಪ್ಯಾಡ್ ಒಳ್ಳೆಯದು. ಮೆಡಿಕಲ್ ಶಾಪಿನಲ್ಲಿ ಕೇಳಲು ಗಂಡಸರು ನಾಚುತ್ತಾರೆ, ಬಟ್ಟೆ ತುರುಕಿ ಚರ್ಮ ಕೆಡಿಸಿಕೊಳ್ಳುತ್ತಾರೆ. ದಾರದ ಗಂಟು ಸುತ್ತ ತಿರುಗಿದರೆ ಗಾಬರಿ ಬೇಡ. ನೀವಾಗಿ ಎಳೆಯಬೇಡಿ, ಕತ್ತರಿಸಬೇಡಿ.

ಮುಂದಿನ ಭೇಟಿಯಲ್ಲಿ ಕೇಳಿ: ಎಂಆರ್‌ಐ ಬೇಕೇ, ಎಷ್ಟು ಸ್ನಾಯು ದಾಟಿದೆ, ದಾರ ಎಲ್ಲಿಯವರೆಗೆ? ಸಕ್ಕರೆ ಕಾಯಿಲೆ ಅಥವಾ ಹಿಂದೆ ಕ್ಷಯ ಇದ್ದಿದ್ದರೆ ತಿಳಿಸಿ. ಜ್ವರ ಬಂದರೆ, ನೋವು ಅಥವಾ ಬಾವು ಏರಿದರೆ, ಮೂತ್ರ ಕಟ್ಟಿದರೆ ಭೇಟಿಯ ದಿನಕ್ಕೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಿ.