ನಶ್ಯದ ಸೀಸೆ ಕೊಳ್ಳುವ ಮುನ್ನ

ಪ್ರಶ್ನೆ: ಬೆಂಗಳೂರಿನ ನೆಂಟರ ಮನೆಯ ಶೋಕೇಸಿನಲ್ಲಿ ಅಂಗೈಯಲ್ಲಿ ಅಡಗುವಷ್ಟು ಪುಟ್ಟ ಗಾಜಿನ ಸೀಸೆ ನೋಡಿದೆ. ಹಾಲುಬಿಳುಪಿನ ಮೈ ಮೇಲೆ ಕೆಂಪು ಮೀನುಗಳು ಉಬ್ಬಿ ನಿಂತಿದ್ದವು. ಚೀನಾದ ಹಳೆಯ ನಶ್ಯದ ಸೀಸೆಯಂತೆ. ನನಗೂ ಅಂಥವನ್ನು ಕೂಡಿಡುವ ಆಸೆ. ಎಲ್ಲಿಂದ ಶುರು ಮಾಡಲಿ? ಮೋಸಹೋಗದಿರುವುದು ಹೇಗೆ?
— ಓದುಗರು, ಚನ್ನಪಟ್ಟಣ

ನಿಮ್ಮ ಊರಿನಿಂದಲೇ ಶುರು ಮಾಡಿ ಎನ್ನುತ್ತೇನೆ. ಯಾಕೆಂದು ಆಮೇಲೆ ಹೇಳುವೆ. ಮೊದಲು ಆ ಕೆಂಪು ಮೀನುಗಳ ವಿಚಾರ.

ಬಿಳಿ ಗಾಜನ್ನು ಊದಿ, ಬಿಸಿ ಆರುವ ಮುಂಚೆ ಅದರ ಮೇಲೆ ಕರಗಿದ ಕೆಂಪು ಗಾಜಿನ ಪದರ ಹೊದಿಸುತ್ತಾರೆ. ಆರಿದ ಮೇಲೆ ನಿಜವಾದ ಕೆಲಸ. ಉಳಿ ತಾಗಿದರೆ ಗಾಜು ಸೀಳುತ್ತದೆ. ಹಾಗಾಗಿ ತಿರುಗುವ ಪುಟ್ಟ ಚಕ್ರಕ್ಕೆ ಗಟ್ಟಿಕಲ್ಲಿನ ಪುಡಿಯನ್ನು ನೀರಲ್ಲಿ ಕಲಸಿ ಹಚ್ಚಿ, ಬೇಡದ ಕೆಂಪನ್ನೆಲ್ಲ ಉಜ್ಜಿ ಉಜ್ಜಿ ಸವೆಸುತ್ತಾರೆ. ಮೀನಿರುವಷ್ಟು ಜಾಗದಲ್ಲಿ ಮಾತ್ರ ಕೆಂಪು ಉಳಿಯುತ್ತದೆ. ಇದು ಜೇಡ್ ಕಲ್ಲು ಕಡೆಯುವವರ ವಿದ್ಯೆ. ಚಕ್ರವರ್ತಿ ಕಾಂಗ್‌ಶಿ 1696ರಲ್ಲಿ ಬೀಜಿಂಗ್‌ನಲ್ಲಿ ಗಾಜಿನ ಕಾರ್ಖಾನೆ ಕಟ್ಟಿಸಿ, ಕಿಲಿಯನ್ ಸ್ಟುಂಫ್ ಎಂಬ ಜರ್ಮನ್ ಜೆಸ್ಯೂಟ್ ಪಾದ್ರಿಯ ಕೈಗೆ ಕೊಟ್ಟ. ಕಾಂಗ್‌ಶಿಯ ಮೊಮ್ಮಗ ಚಿಯೆನ್‌ಲಾಂಗ್‌ನ ಕಾಲಕ್ಕೆ (1736–1795) ಈ ಪದರಗಾಜಿನ ಕೆತ್ತನೆ ಶಿಖರ ಮುಟ್ಟಿತ್ತು. ನಶ್ಯಕ್ಕೆ ಚೀನೀಯರು ಡಬ್ಬಿ ಬಿಟ್ಟು ಸೀಸೆಯನ್ನೇ ಆರಿಸಿಕೊಂಡದ್ದು ಹವೆಯ ಕಾರಣಕ್ಕೆ. ತೇವ ತಾಗಿದರೆ ನಶ್ಯ ಗಂಟುಕಟ್ಟುತ್ತದೆ, ಘಮ ಹೋಗುತ್ತದೆ. ಕಿರಿದಾದ ಬಾಯಿ, ಬಿಗಿ ಬಿರಡೆ, ಬಿರಡೆಗೇ ಅಂಟಿದ ಕಡ್ಡಿಯಂಥ ಚಮಚ.

ನಮ್ಮ ಮನೆಗಳಲ್ಲೂ ಇದೇ ಚಿಂತೆ ಇತ್ತು. ಮಾಗಡಿ ಕಡೆಯ ನಮ್ಮ ತಾತನ ಸೊಂಟದಲ್ಲಿ ಹಿತ್ತಾಳೆಯ ದುಂಡು ಡಬ್ಬಿಯೊಂದು ಸದಾ ಇರುತ್ತಿತ್ತು. ತೆಗೆಯುವ ಮುಂಚೆ ಮುಚ್ಚಳದ ಮೇಲೆ ತೋರುಬೆರಳಿಂದ ಎರಡು ಸಲ ತಟ್ಟುವರು, ಮುಚ್ಚಳಕ್ಕೆ ಮೆತ್ತಿದ ಪುಡಿ ಕೆಳಗೆ ಬೀಳಲಿ ಎಂದು. ಆಮೇಲೆ ಒಂದು ಚಿಟಿಕೆ, ಒಂದು ಸೀನು, ಪಂಚೆಯ ಅಂಚಲ್ಲೊಂದು ಕಂದು ಕಲೆ. ಮೂರು ನಾಲ್ಕು ದಶಕ ಹೆಬ್ಬೆರಳು ಒತ್ತಿದ ಕಡೆ ಹಿತ್ತಾಳೆ ತೆಳುವಾಗಿ, ನಯವಾಗಿ ತಗ್ಗಿತ್ತು. ಅಂಗಡಿಯಿಂದ ನಶ್ಯ ಬರುತ್ತಿದ್ದದ್ದು ಒಣ ಬಾಳೆಪಟ್ಟೆಯ ಪೊಟ್ಟಣದಲ್ಲಿ.

ಆ ತಗ್ಗನ್ನು ನೆನಪಿಡಿ. ಹಳೆಯದನ್ನು ಗುರುತಿಸಲು ಕಣ್ಣು ಹುಡುಕಬೇಕಾದದ್ದು ಅಂಥ ಸವೆತವನ್ನೇ. ಸೀಸೆಯ ತಳದ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ. ನಿಜವಾಗಿ ಬಳಸಿದ್ದಾದರೆ ಸಣ್ಣ ಗೀರುಗಳು ದಿಕ್ಕುದಿಕ್ಕಿಗೆ ಓಡಿರುತ್ತವೆ, ಮರಳುಕಾಗದದಲ್ಲಿ ತಿಕ್ಕಿದ್ದಾದರೆ ಒಂದೇ ದಿಕ್ಕಿಗೆ. ಮೀನಿನ ಅಂಚಿಗೆ ಉಗುರು ತಾಗಿಸಿ: ಕಡೆದದ್ದಾದರೆ ಅಂಚು ಚೂಪು, ಅಚ್ಚಿನಲ್ಲಿ ಒತ್ತಿದ್ದಾದರೆ ದುಂಡು, ಪಕ್ಕದಲ್ಲಿ ಅಚ್ಚಿನ ಗೆರೆಯೂ ಕಾಣಬಹುದು. ಮೀನುಗಳ ನಡುವಿನ ಬಿಳಿ ಬಯಲನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಒಳ್ಳೆಯ ಕುಶಲಕರ್ಮಿ ಮೀನಿಗೆ ಪಟ್ಟಷ್ಟೇ ಶ್ರಮ ಆ ಬಯಲಿಗೂ ಪಟ್ಟಿರುತ್ತಾನೆ. ನನ್ನ ಮಟ್ಟಿಗೆ ಸೀಸೆಯ ಬೆಲೆ ತೀರ್ಮಾನವಾಗುವುದು ಅಲ್ಲೇ. ತಳದಲ್ಲಿ ಚಿಯೆನ್‌ಲಾಂಗ್‌ನ ಮುದ್ರೆ ಇದ್ದರೆ ಮರುಳಾಗಬೇಡಿ, ನಂತರದವರೂ ಅದನ್ನು ಧಾರಾಳವಾಗಿ ಹಾಕಿದ್ದಾರೆ. ಬಿರಡೆ ಬೇರೆಯದಿದ್ದರೆ ಚಿಂತೆಯಿಲ್ಲ, ಬಹಳಷ್ಟಕ್ಕೆ ಬದಲಾಗಿರುತ್ತದೆ. ಚಮಚ ಆನೆದಂತದ್ದಾದರೆ ಮಾತ್ರ ದೂರವಿರಿ, ನಮ್ಮಲ್ಲಿ ದಂತದ ವ್ಯಾಪಾರ ನಿಷಿದ್ಧ. ನೂರು ವರ್ಷ ದಾಟಿದ ವಸ್ತುವಿಗೆ 1972ರ ಪುರಾತನ ವಸ್ತುಗಳ ಕಾಯ್ದೆ ಅನ್ವಯಿಸುತ್ತದೆ. ಪರವಾನಗಿ ಇರುವವರಿಂದ ರಸೀದಿ ಸಮೇತ ಕೊಳ್ಳಿ. ಬೆಲೆಗೆ ಮಿತಿಯಿಲ್ಲ: 2011ರಲ್ಲಿ ಹಾಂಗ್‌ಕಾಂಗ್‌ನ ಹರಾಜಿನಲ್ಲಿ ಒಂದು ಸೀಸೆ ಎರಡೂವರೆ ಕೋಟಿ ಹಾಂಗ್‌ಕಾಂಗ್ ಡಾಲರ್ ದಾಟಿತು. ಅದು ಕೆತ್ತನೆಯದಲ್ಲ, ಗಾಜಿನ ಮೇಲೆ ಎನಾಮಲ್ ಚಿತ್ರ ಬರೆದದ್ದು.

ಈಗ ನಿಮ್ಮ ಊರಿನ ಮಾತು. 1800ರಲ್ಲಿ ಬ್ರಿಟಿಷ್ ಸಮೀಕ್ಷಕ ಬುಕಾನನ್ ಚನ್ನಪಟ್ಟಣಕ್ಕೆ ಬಂದಾಗ ಇಲ್ಲಿ ಗಾಜಿನ ಬಳೆ ಮಾಡುತ್ತಿದ್ದರು, ವಾದ್ಯಗಳಿಗೆ ಉಕ್ಕಿನ ತಂತಿ ಎಳೆಯುತ್ತಿದ್ದರು. ಬಳೆಯ ಕುಲುಮೆ ಆರಿತು, ಅರಗಿನ ಕೆಲಸ ಉಳಿಯಿತು. ಬೊಂಬೆ ಮಾಡುವವರ ಬಳಿ ಒಂದು ಮಧ್ಯಾಹ್ನ ಕೂತು ಬನ್ನಿ. ಒಣಗಿದ ಹಾಲೆಮರದ ತುಂಡು ತಿರುಗುತ್ತಿರುವಾಗ ಅರಗಿನ ಕಡ್ಡಿ ಒತ್ತುತ್ತಾರೆ, ಉಜ್ಜಾಟದ ಬಿಸಿಗೇ ಅದು ಕರಗಿ ಮರಕ್ಕೆ ಹತ್ತುತ್ತದೆ. ಕೊನೆಗೆ ತಾಳೆಗರಿ ಹಿಡಿದು ಹೊಳಪು ಕೊಡುತ್ತಾರೆ. ಬೀಜಿಂಗ್‌ನವರು ಬಣ್ಣ ಸವೆಸಿ ಚಿತ್ರ ಪಡೆದರೆ ಇಲ್ಲಿಯವರು ಬಣ್ಣ ಹತ್ತಿಸುತ್ತಾರೆ. ಎರಡೂ ಕಡೆ ತಿರುಗುವ ಯಂತ್ರದ ಮುಂದೆ ಕೈಯ ಒತ್ತಡವೇ ಎಲ್ಲ. ಅರಗಿನ ಕುಂಕುಮದ ಭರಣಿಯೊಂದರ ಮುಚ್ಚಳ ತೆಗೆದು ಹಾಕಿ ನೋಡಿ. ತಿರುಪಿಲ್ಲದೆ ಮರಕ್ಕೆ ಮರ ಬಿಗಿಯಾಗಿ ಕೂರುವ ಆ ಹದ ಗೊತ್ತಾದ ಬೆರಳು ಮುಂದೆ ಬಿರಡೆಯ ವಿಚಾರದಲ್ಲಿ ಬೇಗ ಮೋಸಹೋಗುವುದಿಲ್ಲ.

ಮತ್ತೊಂದು ಮಾತನ್ನು ಕಳಕಳಿಯಿಂದಲೇ ಹೇಳುತ್ತಿದ್ದೇನೆ. ಚೀನಾದ ಸೀಸೆಗಳನ್ನು ಕಾಯಲು ಜಗತ್ತಿನ ತುಂಬ ಜನರಿದ್ದಾರೆ. ನಮ್ಮ ನಶ್ಯದ ಡಬ್ಬಿಗಳು ಗುಜರಿಯಲ್ಲಿ ಹಿತ್ತಾಳೆಯ ತೂಕಕ್ಕೆ ಹೋಗುತ್ತಿವೆ. ಮೊದಲ ವರ್ಷ ಸೀಸೆಗಳನ್ನು ಕಣ್ಣಿಂದ ಮಾತ್ರ ನೋಡಿ, ಕೈಗೆ ನಮ್ಮ ಡಬ್ಬಿ ತೆಗೆದುಕೊಳ್ಳಿ. ಕನಕಪುರ, ಮಾಗಡಿಗಳ ಗುಜರಿ ಅಂಗಡಿಗಳಲ್ಲಿ ವಿಚಾರಿಸಿ, ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ಬರುವ ಹಿರಿಯ ರೈತರನ್ನು ಕೇಳಿ. ಹಿತ್ತಾಳೆ, ಬೆಳ್ಳಿ, ತಗಡು, ಒಣಗಿಸಿದ ಬಿಲ್ವದ ಕಾಯಿಯ ಕರಟ, ಯಾವುದಾದರೂ ಸರಿ. ಸಿಕ್ಕಿದ್ದನ್ನು ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಯಾರ ಡಬ್ಬಿ, ಯಾವ ಊರು, ಯಾರು ಕೊಟ್ಟರು ಎಂದು ಒಂದು ಚೀಟಿಯಲ್ಲಿ ಬರೆದು ಒಳಗಿಡಿ. ನಮ್ಮ ತಾತನ ಡಬ್ಬಿಯಲ್ಲಿ ಅಂಥ ಚೀಟಿ ಇರಲಿಲ್ಲ. ಅವರು ಹೋದ ವರ್ಷವೇ ಹಳೇ ಪಾತ್ರೆಗಳ ಜೊತೆ ಅದೂ ಹೋಯಿತು.