ಕೊಬ್ಬರಿ ಅಂದರೆ ಬರೀ ಎಣ್ಣೆಯಲ್ಲ

ನಮ್ಮ ಕಡೆಯ ತೋಟದ ಮಾತು, ಸಂತೆಯ ಮಾತು, ಕೊಬ್ಬರಿ ಹರಾಜಿನ ದಿನ ಯಾರ್ಡಿನಲ್ಲಿ ಕಿವಿಗೆ ಬಿದ್ದ ಮಾತು, ಇವನ್ನೆಲ್ಲ ಕಟ್ಟಿ ನಗೆಬರಹ ಮಾಡುವುದು ನನ್ನ ಹಳೆಯ ಅಭ್ಯಾಸ. ಸ್ಥಳೀಯ ವಾರಪತ್ರಿಕೆಯೊಂದಕ್ಕೆ ವರ್ಷಗಟ್ಟಲೆ ಬರೆದದ್ದನ್ನು ಒಟ್ಟು ಮಾಡಿ ಒಂದು ವೆಬ್‌ಸೈಟ್ ತೆರೆದೆ. ಹಾಸ್ಯನಟ ನರಸಿಂಹರಾಜು 1923ರಲ್ಲಿ ಹುಟ್ಟಿದ್ದು ತಿಪಟೂರಿನಲ್ಲಿ. ಈ ನೆಲದಲ್ಲಿ ನಗುವವರಿಗೇನು ಬರ? ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯವರೂ ಓದತೊಡಗಿದರು. ವರ್ಷದ ಖರ್ಚು ಗಿಟ್ಟಿದರೆ ಸಾಕು ಅಂತ ಜಾಹೀರಾತು ಜಾಲವೊಂದಕ್ಕೆ ಸೇರಿದೆ.

ಈ ವ್ಯವಸ್ಥೆ ನಡೆಯುವುದು ಪದಗಳ ಮೇಲೆ. ಪುಟದಲ್ಲಿರುವುದನ್ನು ಯಂತ್ರ ಓದುತ್ತದೆ, ವಿಷಯ ಯಾವುದೆಂದು ಊಹಿಸುತ್ತದೆ, ಅದಕ್ಕೆ ಹೊಂದುವ ಜಾಹೀರಾತುಗಳ ನಡುವೆ ಹರಾಜು ನಡೆಸಿ ಗೆದ್ದದ್ದನ್ನು ತಂದು ಕೂರಿಸುತ್ತದೆ. ನಮ್ಮ ಯಾರ್ಡಿನ ಹರಾಜಿನ ಹಾಗೆಯೇ, ಆದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಗೂಗಲ್‌ನ ಆಡ್‌ಸೆನ್ಸ್ ಶುರುವಾದದ್ದು 2003ರಲ್ಲಿ. ಅದಕ್ಕೆ ಹಿಂದಿ ಸೇರಿದ್ದು 2014ರಲ್ಲಿ, ತಮಿಳು 2018ರಲ್ಲಿ. ಕನ್ನಡವೂ ಆ ಪಟ್ಟಿಗೆ ಬಂದಮೇಲೆಯೇ ನಮ್ಮಂಥ ಸಣ್ಣವರಿಗೆ ದಾರಿ ಕಂಡದ್ದು.

ಮೊದಲ ತಪ್ಪು ನನ್ನದೇ. ಹಳೆಯ ಬರಹಗಳೆಲ್ಲ ಯೂನಿಕೋಡ್‌ಗೆ ಮುಂಚಿನ ಫಾಂಟಿನಲ್ಲಿದ್ದವು. ಮತ್ತೆ ಟೈಪ್ ಮಾಡುವ ಶ್ರಮವೇಕೆ ಎಂದು ಪತ್ರಿಕೆಯ ಪುಟಗಳನ್ನೇ ಫೋಟೊ ತೆಗೆದು ಏರಿಸಿದ್ದೆ. ಓದುಗರ ಕಣ್ಣಿಗೆ ಅದು ಕನ್ನಡ. ಯಂತ್ರದ ಪಾಲಿಗೆ ಬರೀ ಚಿತ್ರ. ಪದವೇ ಇಲ್ಲದ ಪುಟಕ್ಕೆ ಹೊಂದುವ ಜಾಹೀರಾತು ಎಲ್ಲಿಂದ ಬರಬೇಕು? ತೆಂಗಿಗೆ ಸಂಬಂಧವೇ ಇಲ್ಲದ್ದೆಲ್ಲ ಬಂದು ಕೂತಿತ್ತು. ಎರಡು ಬೇಸಿಗೆ ಕೂತು ಎಲ್ಲವನ್ನೂ ಯೂನಿಕೋಡ್‌ಗೆ ತಂದೆ.

ಪದ ಬಂತು, ಇನ್ನೊಂದು ತೊಡಕು ಎದ್ದಿತು. ಕೊಬ್ಬರಿ ಎಂದಲ್ಲೆಲ್ಲ ತಲೆಗೂದಲಿನ ಎಣ್ಣೆಯ ಜಾಹೀರಾತು. ನಮ್ಮ ಸೀಮೆಯ ಕೊಬ್ಬರಿ ಗಾಣಕ್ಕೆ ಹೋಗುವ ಸರಕಲ್ಲ. ಅದು ಉಂಡೆ ಕೊಬ್ಬರಿ, ತಿನ್ನುವಂಥದ್ದು, ಉತ್ತರ ಭಾರತದ ಪ್ರಸಾದಕ್ಕೂ ಸಿಹಿತಿಂಡಿಗೂ ಹೋಗುವಂಥದ್ದು. ಸರ್ಕಾರವೇ ಇವೆರಡನ್ನು ಬೇರೆ ಬೇರೆ ಎಣಿಸುತ್ತದೆ: 2025ರ ಹಂಗಾಮಿಗೆ ಕ್ವಿಂಟಲ್ ಉಂಡೆ ಕೊಬ್ಬರಿಗೆ 12,100 ರೂಪಾಯಿ, ಎಣ್ಣೆ ಕೊಬ್ಬರಿಗೆ 11,582 ರೂಪಾಯಿ ಬೆಂಬಲ ಬೆಲೆ. ಯಂತ್ರಕ್ಕೆ ಈ ಭೇದ ಹೇಳಿಕೊಡುವವರು ಯಾರು? ನಾನೇ ಹೇಳಬೇಕಿತ್ತು.

ನಗೆಬರಹದಲ್ಲಿ ಹೇಳುವುದಕ್ಕಿಂತ ಬಿಡುವುದೇ ಹೆಚ್ಚು. ‘ಮೇಲಿರೋದು ಮಾತಾಡ್ತಿದೆಯೇನೋ’ ಅಂದರೆ ನಮ್ಮವರಿಗೆ ಅರ್ಥವಾಗಿ ನಗುತ್ತಾರೆ. ಆ ಸಾಲಿನಲ್ಲಿ ಕೊಬ್ಬರಿಯೂ ಇಲ್ಲ, ಅಟ್ಟವೂ ಇಲ್ಲ. ಹಾಗಾಗಿ ಪ್ರತಿ ಬರಹದ ಕೆಳಗೆ ಹಿನ್ನೆಲೆ ಎಂದು ಏಳೆಂಟು ಸಾಲು ಬರೆಯತೊಡಗಿದೆ. ಈ ಮಾತಿಗೆ ಬರೆದದ್ದು ಹೀಗೆ: ಬಲಿತ ಕಾಯನ್ನು ಮಟ್ಟೆ ಸಮೇತ ಅಟ್ಟದ ಮೇಲೆ ಎಂಟರಿಂದ ಹನ್ನೆರಡು ತಿಂಗಳು ಬಿಡುತ್ತಾರೆ. ಒಳಗಿನ ನೀರು ಇಂಗುತ್ತದೆ, ತಿರುಳು ಒಣಗಿ ಚಿಪ್ಪಿನಿಂದ ಬಿಡಿಸಿಕೊಳ್ಳುತ್ತದೆ. ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದರೆ ಉಂಡೆ ಲೊಟಲೊಟ ಅನ್ನುತ್ತದೆ. ಆ ಸದ್ದು ಬಂದರೆ ಸುಲಿಯಬಹುದು. ಇಲ್ಲಿ ಯಂತ್ರಕ್ಕೆ ಬೇಕಾದ ಪದಗಳೂ ಸಿಕ್ಕವು, ಊರು ಬಿಟ್ಟು ಬೆಂಗಳೂರು ಸೇರಿದ ಮಕ್ಕಳಿಗೆ ತಮ್ಮ ಮನೆಯ ಅಟ್ಟದ ವಿಷಯವೂ ಸಿಕ್ಕಿತು. ನಿಧಾನಕ್ಕೆ ಹನಿ ನೀರಾವರಿ ಪೈಪು, ಕಾಯಿ ಸುಲಿಯುವ ಮೆಷಿನ್ನು, ಸಸಿಗಳ ಜಾಹೀರಾತು ಕಾಣತೊಡಗಿದವು.

ನನ್ನ ಫೋನಿನಲ್ಲಿ ಕಂಡದ್ದೇ ಎಲ್ಲರಿಗೂ ಕಾಣುತ್ತದೆಂದು ಬಹಳ ದಿನ ನಂಬಿದ್ದೆ. ಹಾಗಲ್ಲ. ಓದುಗ ಎಲ್ಲಿದ್ದಾನೆ, ಹಿಂದೆ ಏನೇನು ಹುಡುಕಿದ್ದಾನೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಟಿಲ್ಲರ್ ಬೆಲೆ ವಿಚಾರಿಸಿದ ವಾರ ನನಗೆ ಎಲ್ಲ ಪುಟದಲ್ಲೂ ಟಿಲ್ಲರೇ.

ಹೊಂದುವ ಜಾಹೀರಾತೇ ತಪ್ಪಾಗಬಹುದು ಎಂದು ಕಲಿಸಿದ್ದು ಒಂದು ಫೋನ್ ಕರೆ. ತೋಟವಿದ್ದರೂ ಹೆಣ್ಣು ಸಿಗದ ಹುಡುಗನ ಮೇಲೆ ಒಂದು ಬರಹ ಹಾಕಿದ್ದೆ. ಚೆನ್ನಾಗಿ ಓಡಿತ್ತು. ಚಿಕ್ಕನಾಯಕನಹಳ್ಳಿ ಕಡೆಯ ಹುಡುಗನೊಬ್ಬ ರಾತ್ರಿ ಫೋನ್ ಮಾಡಿದ. “ಅಣ್ಣಾ, ಓದಿ ನಗು ಬಂತು. ಕೆಳಗೆ ನೋಡಿದ್ರೆ ವಧು ಬೇಕಾ ಅಂತ ಜಾಹೀರಾತು. ಮೂರು ವರ್ಷದಿಂದ ಅಂಥ ಕಡೇಲೇ ದುಡ್ಡು ಕಟ್ಟಿ ಕೂತಿದೀನಿ” ಅಂದ. ಆಮೇಲೆ ಸುಮ್ಮನಾದ. ನನಗೂ ಮಾತು ಹೊರಡಲಿಲ್ಲ. ವಿಷಯಕ್ಕೆ ಅದು ಸರಿಯಾಗಿಯೇ ಹೊಂದಿತ್ತು. ಆ ಹುಡುಗನ ಮನಸ್ಸಿಗೆ ಅಲ್ಲ. ಯಂತ್ರ ವಿಷಯವನ್ನು ಓದೀತು, ನಗುವಿನ ಹಿಂದಿರುವ ನೋವನ್ನು ಓದಲಾರದು. ಆ ಕೆಲಸ ಬರೆದವನದು. ಅವತ್ತೇ ಆ ಪುಟದಿಂದ ಜಾಹೀರಾತು ತೆಗೆದೆ. ಮರದಿಂದ ಬಿದ್ದವರ, ಸಾಲದ, ಕುಡಿತದ ಪ್ರಸ್ತಾಪವಿರುವ ಬರಹಗಳನ್ನೆಲ್ಲ ಒಂದೊಂದಾಗಿ ತೆರೆದು ನೋಡಿದೆ. ಬೇಡವಾದ ವರ್ಗಗಳನ್ನು ತಡೆಯಲು ಖಾತೆಯಲ್ಲೇ ಸೌಲಭ್ಯವಿತ್ತು. ಅಲ್ಲಿಯವರೆಗೆ ನಾನದನ್ನು ಮುಟ್ಟಿರಲಿಲ್ಲ.

ಪುತ್ತೂರಿನಿಂದ 1988ರಿಂದ ಬರುತ್ತಿರುವ ‘ಅಡಿಕೆ ಪತ್ರಿಕೆ’ಯಲ್ಲಿ ನಾನು ಜಾಹೀರಾತುಗಳನ್ನೂ ಬಿಡದೆ ಓದುತ್ತೇನೆ. ಬೆಳೆಗಾರನಿಗೆ ಅವೂ ಸುದ್ದಿಯೇ. ಅಂಥ ಜಾಹೀರಾತು ಯಂತ್ರದಿಂದ ಬರುವುದು ಅಪರೂಪ, ಅದಕ್ಕೆ ನಾಲ್ಕು ಕಡೆ ತಿರುಗಬೇಕು. ಈಗ ಒಂದು ಸಸಿ ನರ್ಸರಿ, ಕಾಯಿ ಸುಲಿಯುವ ಮೆಷಿನ್ ರಿಪೇರಿ ಮಾಡುವ ಒಂದು ವರ್ಕ್‌ಶಾಪ್, ಚಿಪ್ಪು ಕೊಳ್ಳುವ ಒಬ್ಬರು ನೇರವಾಗಿ ದುಡ್ಡು ಕೊಟ್ಟು ಹಾಕಿಸುತ್ತಾರೆ. ಅದರ ಮೇಲೆ ‘ಜಾಹೀರಾತು’ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತೇನೆ. ಸಸಿ ಚೆನ್ನಾಗಿಲ್ಲ ಅಂತ ಎರಡು ಕಡೆಯಿಂದ ದೂರು ಬಂದರೆ ತೆಗೆದುಹಾಕುತ್ತೇನೆಂದು ನರ್ಸರಿಯವರಿಗೆ ಮೊದಲೇ ಹೇಳಿದ್ದೇನೆ. ಯಂತ್ರದ ಜಾಹೀರಾತನ್ನು ಬಿಟ್ಟಿಲ್ಲ. ಆದರೆ ಖರ್ಚು ಗಿಟ್ಟುವುದು ಈ ಮೂವರಿಂದ.

ನಿಮ್ಮ ಮನೆಯಲ್ಲೂ ಹಳೆಯ ಫಾಂಟಿನಲ್ಲೋ, ಪತ್ರಿಕೆಯ ತುಣುಕಿನಲ್ಲೋ ಊರಿನ ನಗೆಬರಹಗಳು ಉಳಿದಿದ್ದರೆ ಜಾಹೀರಾತಿನ ಯೋಚನೆ ಆಮೇಲಿರಲಿ, ಮೊದಲು ಅವನ್ನು ಯೂನಿಕೋಡ್‌ಗೆ ತನ್ನಿ.